ಫಾಟಕ ದಾಟುವವರು

"ಯಕ್ಕಾ, ಏ ಚಂದ್ರಮ್ಮಕ್ಕಾ! ಸುದ್ದಿ ಕೇಳಿದೇನ? ಸಿವಿಲ್ ಲೈನ್ಸಿನ್ಯಾಗ ನಿನ್ನ ಗಂಡನ್ನ ಸಾಹೇಬ್ರು ಕುರ್ಚಿ ಮ್ಯಾಲ ಕುಂಡ್ರಿಸ್ಯಾರಂತ!"

ಕಲಾವತಿ ಗೂಡ್ಸ್ ಶೆಡ್ಡಿನ ಆ ತುದಿಯಿಂದ ಒದರಿದಳು. ಅವಳ ತಲೆಯ ಮೇಲೆ ಕಿತ್ತಳೆ ಬುಟ್ಟಿ ಇತ್ತು. ಚಂದ್ರಮ್ಮ ವ್ಯಾಗನ್ನಿಗೆ ಹಾಕಿದ್ದ ಹಲಗೆಯ ನಡುವೆ ಇದ್ದಳು. ನಗು ಬಂದು ಅವಳ ಬುಟ್ಟಿ ವಾಲಿತು.

"ಕುರ್ಚಿ ಮ್ಯಾಲ? ನನ್ನ ಗಂಡ? ಹೋಗ, ಹಗಲಾಗ ಕನಸ ಕಂಡೀಯೇನ."

"ಖರೇನ ಯಕ್ಕಾ. ಚಾನೂ ಕುಡಿಸ್ಯಾರಂತ!"

"ಯಾರ ಸತ್ತಿದ್ರಂತ?"

ಹೆಂಗಸರೆಲ್ಲ ನಕ್ಕರು. ಕೂಲಿಯವರ ಮುಕಾದಮ ಬಸವಂತ ಬೀಡಿ ಎಸೆದು ಎದ್ದ.

"ಏ ರಂಡೇರ, ಬಾಯಿ ಮುಚ್ಚಿ ಹೊರ್ರಿ, ಜಲ್ದಿ! ಕುರ್ಚಿ ಅಂತ ಕುರ್ಚಿ. ಹೊಲ್ಯಾ ಕುಂತ ಕುರ್ಚಿ ಕಡೀಕ ಒಲಿಗೇ ಹೋಗೂದು."

ಯಾರೂ ತಲೆ ಎತ್ತಲಿಲ್ಲ. ಆದರೂ ಚಂದ್ರಮ್ಮನಿಗೆ ಆ ದಿನ ಬುಟ್ಟಿ ಹಗುರಾಗಿಯೇ ಇತ್ತು.

ಇವರೆಲ್ಲ ರಾಯಚೂರು ಕಡೆಯವರು. ರಜಾಕಾರರ ಗದ್ದಲದ ವರ್ಷ ಊರು ಬಿಟ್ಟು, ರೈಲು ಹೋದಷ್ಟು ದೂರ ಹೋಗಿ, ನಾಗಪುರದಲ್ಲಿ ಇಳಿದವರು. ಅಲ್ಲಿನ ಕಳಮನಾದಲ್ಲಿ ರೈಲು ಹಳಿಗೂ ನಾಲಾ ಅನ್ನುವ ಕೊಳಚೆ ಹಳ್ಳಕ್ಕೂ ನಡುವೆ ಒಂದು ಪಟ್ಟಿ ಜಾಗ ಬಿದ್ದಿತ್ತು. ಅಲ್ಲೇ ಗುಡಿಸಲು ಹಾಕಿದರು. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ.

ಅದಕ್ಕೇ ಕೇರಿಗೆ ಒಂದು ಕಟ್ಟಳೆ. ಖಾಕಿ ಬಟ್ಟೆ ಕಂಡರೆ ಕೂಸು, ಗಡಿಗೆ ಎತ್ತಿಕೊಂಡು ಎಲ್ಲರೂ ನಾಲಾಕ್ಕೆ ಇಳಿಯುವುದು. ಅಕಸ್ಮಾತ್ ಸಿಕ್ಕಿಬಿದ್ದರೆ, ಏನು ಕೇಳಿದರೂ 'ಇಲ್ರಿ' ಅನ್ನುವುದು. ಯಾರ ಗುಡಿಸಲು? ಗೊತ್ತಿಲ್ರಿ. ಎಷ್ಟು ಮಂದಿ ಇದ್ದೀರಿ? ಯಾರೂ ಇಲ್ರಿ. ಮಕ್ಕಳು ತಮ್ಮ ಹೆಸರಿಗಿಂತ ಮೊದಲು ಈ ಮಾತು ಕಲಿಯುತ್ತಿದ್ದವು.

ಕುರ್ಚಿಯ ಸುದ್ದಿಗೆ ಕೆಲ ದಿನ ಮೊದಲು, ಹಳಿ ದಾಟುವ ಫಾಟಕದ ಹತ್ತಿರ ಜೀಪು ಬಂದು ನಿಂತಿತ್ತು. ಖಾಕಿಯವರು ಛತ್ರಿ ಹಾಕಿಕೊಂಡು ಬೆಳಗಿನಿಂದ ಸಂಜೆತನಕ ರಸ್ತೆ ನೋಡುತ್ತಾ ಕೂತಿದ್ದರು. ಕೇರಿಯವರು ಅಂದು ಕೂಲಿ ಬಿಟ್ಟು ನಾಲಾದಲ್ಲಿ ಕೂತರು. ಚಂದ್ರಮ್ಮನ ಗಂಡ, ಮೊಣಕಾಲು ನೋವಿನ ಮರಿಯಪ್ಪನೊಬ್ಬನೇ ಸಿಕ್ಕಿಬಿದ್ದ. ಅವರು ಹೊಡೆಯಲಿಲ್ಲ. ಸಿವಿಲ್ ಲೈನ್ಸಿನ ಸರಕಾರಿ ಆಫೀಸಿಗೆ ಬಾ ಅಂದರು.

ಆಫೀಸಿನಲ್ಲಿದ್ದವನು ವ್ಯಾಸರಾಜ, ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಇಂಜಿನಿಯರು.

"ರಾಯಚೂರಾವೇನೋ? ಅಯ್ಯ, ನಮ್ಮವನ ಅದೀ ಹಂಗಾರ! ಕೂಡು, ಕೂಡು."

ಮರಿಯಪ್ಪ ನೆಲಕ್ಕೆ ಕುಕ್ಕರಗಾಲಲ್ಲಿ ಕೂತ.

"ಅಲ್ಲೆಲ್ಲೋ, ಮ್ಯಾಲ ಕೂಡು. ಕುರ್ಚಿ ಎದಕ್ಕದ?"

ಮರಿಯಪ್ಪ ಕುರ್ಚಿಯ ಅಂಚಿಗೆ ತಾಗಿಯೂ ತಾಗದ ಹಾಗೆ ಕೂತ. ನಾಗಪುರಕ್ಕೆ ಬಂದ ಮೇಲೆ ಸಾಹೇಬನೊಬ್ಬನ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ಅವನ ಕಣ್ಣು ಒದ್ದೆಯಾಯಿತು. ಮೇಜಿನ ತುಂಬ ನಕಾಶೆ ಹಾಸಿತ್ತು. ವ್ಯಾಸರಾಜ ಅದರ ಮೇಲೆ ಪೆನ್ಸಿಲ್ ಇಟ್ಟ.

"ಇದು ನಿಮ್ಮ ಫಾಟಕ. ಮೊನ್ನೆ ಇಡೀ ದಿವ್ಸ ನೋಡಿದ್ವಿ, ಒಂದು ನರಪಿಳ್ಳೆ ದಾಟಲಿಲ್ಲ. ದಿನಾ ದಾಟಿ ಹೋಗೋ ಮಂದಿ ಯಾರರೇ ಇದ್ದಾರೇನು?"

"ಇಲ್ರಿ ಸಾಹೇಬ್ರ."

"ಒಬ್ರೂ?"

"ಯಾರೂ ಇಲ್ರಿ."

ವ್ಯಾಸರಾಜ ಕುರ್ಚಿಗೆ ಒರಗಿ ನಕ್ಕ. "ಶಾಣ್ಯಾ ಇದ್ದೀ. ನರಹರಿ, ಇವಂಗ ಚಾ ಕೊಡು."

ಜವಾನ ನರಹರಿ ಕಿಟಕಿಯ ಹೊರಗಿಟ್ಟಿದ್ದ ಕಿವಿ ಮುರಿದ ಕಪ್ಪು ತಂದು, ಮೇಲಿನಿಂದ ಚಹಾ ಸುರಿದ. ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು, ಮರಿಯಪ್ಪ ಮೆಟ್ಟಿಲಿಳಿದ. ಹಿಂದೆ ಕೊಡ ಬಗ್ಗಿಸಿದ ಸದ್ದಾಯಿತು. ನರಹರಿ ಕುರ್ಚಿಯನ್ನು ವರಾಂಡಕ್ಕೆ ಎಳೆದು ನೀರು ಹಾಕುತ್ತಿದ್ದ. ಆ ನೀರು ಮೆಟ್ಟಿಲು ಮೆಟ್ಟಿಲು ಇಳಿದು ಬಂದು ಮರಿಯಪ್ಪನ ಹಿಮ್ಮಡಿ ತೋಯಿಸಿತು.

ಕೇರಿಗೆ ಬಂದು ಅವನು ಕುರ್ಚಿಯ ಸುದ್ದಿ ಹೇಳಿದ. ನೀರಿನ ಸುದ್ದಿ ಹೇಳಲಿಲ್ಲ.

ಕೆಲವು ದಿನ ಅದೇ ಮಾತು. ಸಂಜೆಯಾದರೆ ಬುಟ್ಟಿ ಬೋರಲು ಹಾಕಿ ಮರಿಯಪ್ಪನನ್ನು ಕೂರಿಸುವುದು, ಸಾಹೇಬ ಹೇಗೆ 'ಕೂಡು' ಅಂದ ಅಂತ ಹೇಳಿಸುವುದು.

"ಕುರ್ಚಿ ಮೆತ್ತಗಿತ್ತೋ ಕಾಕಾ, ತಿಗಕ್ಕ ಚಲೋ ಅನಸ್ತೇನ?" ಭೀಮಪ್ಪ ಕಣ್ಣು ಹೊಡೆದ. ಇಡೀ ಕೇರಿಗೆ ಹೆಚ್ಚು ಭಾರ ಹೊರುವವನು ಅವನೇ, ಹೆಚ್ಚು ಬಾಯಿಯೂ ಅವನದೇ.

ನಗು ನಿಂತಿರಲಿಲ್ಲ. ಫಾಟಕ ಕಾಯುವ ಪಾಂಡುರಂಗ ಹಳಿ ದಾಟಿ ಬಂದ.

"ಅರೆ ಮರಿಯಪ್ಪಾ, ಸಾಹೇಬ್ ಕೋ ಕ್ಯಾ ಬೋಲಾ ತೂ? ಫಾಟಕ್ ಬಂದ್ ಹೋನೇವಾಲಾ ಹೈ!"

ಫಾಟಕ ಮುಚ್ಚಲಿರುವುದನ್ನು ಅವನು ಹರಕು ಹಿಂದಿಯಲ್ಲಿ, ಕೈಯಾಡಿಸಿ ಬಿಡಿಸಿ ಹೇಳಿದ. ಹಳಿಯ ಆಚೆ ಆಫೀಸರುಗಳಿಗೆ ಹೊಸ ಕಾಲನಿ ಕಟ್ಟುತ್ತಾರೆ. ಕಾಲನಿಗೆ ಮಂಜೂರಿ ಸಿಗಬೇಕಾದರೆ ಸರಕಾರದ ರಸ್ತೆ ಯೋಜನೆಗೆ ಅದು ಹೊಂದಬೇಕು. ಫಾಟಕ ದಾಟುವ ಮಂದಿ ಇದ್ದರೆ ಅವರಿಗಾಗಿ ಹಳಿಯ ಮೇಲೆ ಸೇತುವೆ ಕಟ್ಟಬೇಕು. ಮಂದಿ ಇಲ್ಲದಿದ್ದರೆ ಸೇತುವೆ ಬೇಡ, ಫಾಟಕಕ್ಕೆ ಬೀಗ, ಉದ್ದಕ್ಕೂ ಗೋಡೆ. ಮಂದಿ ಇಲ್ಲ ಅಂತ ಸಾಹೇಬರು ಬರೆದಾಯಿತು. ಅಲ್ಲಿಯವನೇ ಒಬ್ಬ ಬಂದು ಹೇಳಿದ ಅಂತಲೂ ಬರೆದಿದ್ದಾರೆ.

ಗೋಡೆಯಾದರೆ ದೂರದ ಇತವಾರಿ ಪೇಟೆ ಸುತ್ತಿ ಹಳಿಯ ಆಚೆಯ ಶೆಡ್ಡಿಗೆ ಹೋಗಬೇಕು. ಮಿಲ್ಲಿನ ಭೋಂಗಾ ಕೂಗುವಾಗ ಎದುರಿಗೆ ನಿಂತವರಿಗಷ್ಟೇ ಬಸವಂತ ಕೆಲಸ ಕೊಡುತ್ತಿದ್ದ. ತಡವಾಗಿ ಬಂದವರನ್ನು ನಾಯಿಯ ಹಾಗೆ ಓಡಿಸುತ್ತಿದ್ದ. ಗೋಡೆ ಅಂದರೆ ಕೂಲಿ ಇಲ್ಲ.

ಭೀಮಪ್ಪ ಬುಟ್ಟಿ ಒದ್ದ. ಮರಿಯಪ್ಪ ನೆಲಕ್ಕೆ ಬಿದ್ದ.

"ಯಾರೂ ಇಲ್ಲಂದೆ? ನಾ ಯಾರಲೇ? ನನ್ನ ಹೇಂತಿ ಯಾರು? ನಾವೆಲ್ಲಾ ದೆವ್ವ ಏನಲೇ, ಸೂಳೇಮಗನ?"

"ನೀವೂ ನಾಲಾದಾಗ ಅಡಗಿದ್ರೆಲ್ಲೋ ಭೀಮ್ಯಾ..."

"ಅಡಗಿದ್ವಿ. ಚಾ ಕುಡೀಲಿಲ್ಲ."

ಮರಿಯಪ್ಪ ಮಣ್ಣು ಕೊಡವಿ ಎದ್ದು ಗುಡಿಸಲಿಗೆ ಹೋದ. ಚಂದ್ರಮ್ಮ ರೊಟ್ಟಿ ಇಟ್ಟಳು. ಅವನು ಮುರಿದ ತುಂಡನ್ನು ಹಾಗೇ ಹಿಡಿದು ಕೂತ.

"ಬಾಯಾಗ ಇನ್ನೂ ಆ ಚಾದ ಸೀ ಐತಿ. ಒಳಗ ಇಳೀವಲ್ದು."

"ಉಗುಳು. ಉಗುಳಿ ನಾಳಿ ನಡಿ. ಹೇಳಿದ ಬಾಯಿಲೇ ತಿರುಗಿ ಹೇಳು. ನಾನೂ ಬರ್ತೀನಿ."

ಮರುದಿನ ಅವರಿಬ್ಬರೂ ಸಿವಿಲ್ ಲೈನ್ಸಿನ ಅಗಲ ರಸ್ತೆಗಳಲ್ಲಿ ಬದಿ ಹಿಡಿದು ನಡೆದರು. ನರಹರಿ ಮೆಟ್ಟಿಲ ಕೆಳಗೇ ತಡೆದ. ಬಿಸಿಲು ನೆತ್ತಿಗೆ ಬಂದ ಮೇಲೆ ವ್ಯಾಸರಾಜ ವರಾಂಡಕ್ಕೆ ಬಂದ.

"ಸಾಹೇಬ್ರ, ಅವತ್ತು ಇಲ್ಲಂದಿದ್ದೆ. ಅದೀವ್ರಿ."

"ಏನದೀರಿ?"

"ನಾವ್ರಿ. ಅದೀವಿ. ದಿನಾ ಫಾಟಕ ದಾಟ್ತೀವಿ, ಕೂಸು ಮುದುಕ್ರು ಎಲ್ಲಾ."

"ಭಲೇ! ಕುರ್ಚಿ ಮ್ಯಾಲ ಕೂತು ಇಲ್ಲಂದಿ, ಬಿಸಲಾಗ ನಿಂತು ಅದೀವಿ ಅಂತಿ. ಎರಡರಾಗ ಯಾವ ಸುಳ್ಳಿಗೆ ಪೊಲೀಸರಿಗೆ ಕೊಡ್ಲಿ?" ದನಿ ಏರಲಿಲ್ಲ, ಮೆತ್ತಗೇ ಇತ್ತು. "ಇದ್ರ ಎಲ್ಲೆ ಇರ್ತೀರಿ? ಯಾರ ಜಾಗ ಅದು? ನಮ್ಮ ಕಡಿಯವ ಅಂತ ಒಂದು ಮಾತು ಹೇಳ್ತೀನಿ ಕೇಳು. ಇಲ್ಲದವರನ್ನ ಯಾರೂ ಎಬ್ಬಸೂದಿಲ್ಲ. ಅದೀವಿ ಅಂದ ದಿವ್ಸ ಗುಡಸಲು ಕೆಡವತಾರ."

"ಗೋಡಿ ಕಟ್ಟಿದ ಮ್ಯಾಲ ಕೂಲಿಗಿ ಹೆಂಗ ಹೋಗೂದ್ರಿ?" ಚಂದ್ರಮ್ಮ ಕೇಳಿದಳು.

"ಸುತ್ತ ಹಾಕಿ ಹೋಗ್ರಿ. ಕಾಲ ಅದಾವಲ್ಲ?"

"ಮಂದಿ ಇಲ್ಲ, ಕಾಲು ಅದಾವೇನ್ರಿ?"

ವ್ಯಾಸರಾಜನ ಮುಖ ಗಂಟಾಯಿತು. ಅವನು ಅವಳನ್ನು ಬಿಟ್ಟು ಮರಿಯಪ್ಪನ ಕಡೆಗೇ ನೋಡಿ ಮಾತಾಡಿದ.

"ನಾಳೆ ದೊಡ್ಡ ಸಾಹೇಬ್ರು ಫಾಟಕ ನೋಡ್ಲಿಕ್ಕೆ ಬರ್ತಾರ. ಕಡೀ ಸಲ ನೋಡಿ ಹೂಂ ಅಂತಾರ, ಮುಗೀತು. ಆವಾಗ ಅಲ್ಲೆ ಯಾರೂ ಕಾಣಬಾರದು. ನಿನ್ನ ಜವಾಬ್ದಾರಿ ಅದು. ಚಾ ಕುಡದೀ, ನೆನಪಿರ್ಲಿ."

ಬರುವಾಗ ಮರಿಯಪ್ಪ ಮುಂದೆ ಮುಂದೆ ನಡೆದ. ಅರ್ಧ ದಾರಿಗೆ ಮೊಣಕಾಲು ಹಿಡಿಯಿತು. ಚಂದ್ರಮ್ಮ ರಟ್ಟೆ ಹಿಡಿಯಹೋದರೆ ಕೊಸರಿಕೊಂಡ.

ಅವರು ಬರುವ ಹೊತ್ತಿಗೆ ಕೂಲಿಯವರೂ ಬಂದಿದ್ದರು. ಮರಿಯಪ್ಪ ಗುಡಿಸಲುಗಳ ನಡುವೆ ನಿಂತ.

"ನಾಳಿ ದೊಡ್ಡ ಸಾಹೇಬ ಬರ್ತಾನ. ನಾ ನಾಲಾಕ್ಕ ಇಳಿಯೂದಿಲ್ಲ. ಬುಟ್ಟಿ ಹೊತ್ತು ಅವನ ಮುಂದ ಫಾಟಕ ದಾಟ್ತೀನಿ, ತಿರುಗಿ ದಾಟ್ತೀನಿ. ಹೊಡದು ಕೆಡವೂತನಕ ದಾಟ್ತೀನಿ."

"ಒಬ್ಬ ದಾಟಿದ್ರ ಸೇತುವೆ ಕಟ್ತಾರೇನಲೇ?" ಭೀಮಪ್ಪ ಕೇಳಿದ.

"ಇಲ್ಲ."

"ಎಲ್ಲಾರೂ ದಾಟಿದ್ರ?"

"ಗೊತ್ತಿಲ್ಲ."

"ಗುಡಸಲು ಕೆಡವಿದ್ರ?"

"ಕೆಡವಬಹುದು. ನೀವು ಬರ್ರಿ ಅನ್ನಾಕ ನನಗ ಮಾರಿ ಇಲ್ಲ. ನಾ ಹೋಗ್ತೀನಿ, ಅಷ್ಟ ಹೇಳಾಕ ಬಂದೆ."

ಒಬ್ಬೊಬ್ಬರೇ ಗುಡಿಸಲು ಸೇರಿದರು. ಕಲಾವತಿ ಗಡಿಗೆ, ಚಾಪೆ ಒಟ್ಟು ಮಾಡಿ ಬಟ್ಟೆಯಲ್ಲಿ ಕಟ್ಟತೊಡಗಿದಳು. ನಾಲಾಕ್ಕೋ, ಬೇರೆ ಎಲ್ಲಿಗೋ, ಅವಳು ಹೇಳಲಿಲ್ಲ.

ಭೀಮಪ್ಪ ಮಾತ್ರ ನಿಂತಿದ್ದ. ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡ.

"ಎಷ್ಟೊತ್ತಿಗಿ ಬರ್ತಾನ ಆ ದೊಡ್ಡ ಸೂಳೇಮಗ?"

"ಬೆಳಕ ಹರದ ಕೂಡ್ಲೆ ಇರಬೇಕು."

"ಹಂಗಾರ ನಾಳಿ ನಸಿಕಿನ್ಯಾಗ, ಫಾಟಕದಾಗ. ತಡಾ ಮಾಡಿದ್ಯೋ, ಇನ್ನೊಂದು ಕಾಲೂ ಮುರೀತೀನಿ."