ತುಪ್ಪದ ಹನಿ ಬಿದ್ದ ಮ್ಯಾಲ

ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯ ಸಾವುಕಾರ ಸಿದ್ಧಲಿಂಗಪ್ಪ ಸೀನುತ್ತಲೇ ರಾವೂರಿನ ಆ ಮನೆಯ ಹೊಸ್ತಿಲು ದಾಟಿದ. ಶಹಾಬಾದಿನ ಡಾಕ್ಟರು ಕೊಟ್ಟ ಗುಳಿಗೆಗೆ ನಿದ್ದೆ ಬಂತೇ ಹೊರತು ಸೀನು ನಿಂತಿರಲಿಲ್ಲ. ಅಲ್ಲಿ ನಾಟಿ ಔಷಧ ಕೊಡುವ ಶಿವಕಾಂತಮ್ಮನ ತುಪ್ಪದ ಹನಿಗೆ ವಾಡಿಯಿಂದಲೂ ಜನ ಬರುತ್ತಿದ್ದರು. ಈಗ ಮುದುಕಿಯ ಕೈ ನಡುಗುತ್ತದೆ; ಮೂಗಿಗೆ ಹನಿ ಬಿಡುವವಳು ಸೊಸೆ ಬಸವೇಶ್ವರಿ.

ಬಸವೇಶ್ವರಿಯ ಗಂಡ ಭೀಮಾಶಂಕರ ಇದೇ ಸಾವುಕಾರನ ಕಲ್ಲು ಕೊಯ್ಯುವ ಮಶೀನಿನ ಮುಂದೆ ದುಡಿದವನು. ಕೊಯ್ಯುವಾಗ ನೀರು ಬಿಟ್ಟರೆ ಕಲ್ಲಿನ ಹುಡಿ ಏಳುವುದಿಲ್ಲ. ಬೋರಿನ ನೀರೆಲ್ಲ ಸಾವುಕಾರನ ಹೊಸ ಮನೆಯ ಹೂದೋಟಕ್ಕೆ ಹೋಯಿತು. ನೀರಿಲ್ಲದೆ ಒಣಕಲ್ಲನ್ನೇ ಕೊಯ್ದರು. ಭೀಮಾಶಂಕರ ಕೆಮ್ಮತೊಡಗಿದಾಗ, "ಧೂಳಿನ ಅಲರ್ಜಿ ಅದ, ಅರಿಶಿಣ ಹಾಲು ಕುಡಿ" ಅಂದಿದ್ದ ಸಾವುಕಾರ. ಕುಡಿದ. ಮುಂದಿನ ಯುಗಾದಿ ಕಾಣಲಿಲ್ಲ.

"ಸೊಸಿ ಸಿಟ್ಟಿಗಿ ಬಂದಾಳೇನವ್ವ?" ಸಾವುಕಾರ ಮುದುಕಿಯನ್ನು ಕೇಳಿದ.

"ಸಿಟ್ಟ್ಯಾಕ್ರಿ? ಮಲಕೋರಿ," ಅಂದಳು ಬಸವೇಶ್ವರಿ.

ಹೊರಸಿನ ಅಂಚಿನಾಚೆ ತಲೆ ಇಳಿಬಿಟ್ಟು ಮಲಗಿದ. ಬಿಸಿ ಅರಿವೆಯಿಂದ ಅವನ ಮುಖಕ್ಕೆ ಕಾವು ಕೊಟ್ಟಳು. ತುಪ್ಪದ ಬಟ್ಟಲಿನ ಪಕ್ಕದಲ್ಲೇ ಖಾರದ ಡಬ್ಬಿ ಇತ್ತು. ನೋಡಿದಳು. ಖಾರ ತೊಳೆದರೆ ಹೋಗುತ್ತದೆ. ಬರೀ ತುಪ್ಪವನ್ನೇ ಎರಡೂ ಹೊಳ್ಳೆಗೆ ಬಿಟ್ಟಳು.

"ಇನ್ನ ನಾ ಏಳ್ರಿ ಅನ್ನೂತನಕ ಏಳಬ್ಯಾಡ್ರಿ, ಮಾತಾಡಬ್ಯಾಡ್ರಿ. ಬಾಯಿ ಬಿಟ್ರ ಔಷಧ ಹತ್ತೂದಿಲ್ಲ."

ಇದು ಶಿವಕಾಂತಮ್ಮನ ಕಟ್ಟುನಿಟ್ಟು, ಸಾವುಕಾರನಿಗೂ ಗೊತ್ತಿತ್ತು. ತುಟಿ ಬಿಗಿದುಕೊಂಡ. ಬಸವೇಶ್ವರಿ ಕಟ್ಟೆಯ ಮೇಲೆ ತಮ್ಮ ಪಾಳಿ ಕಾಯುತ್ತಿದ್ದವರನ್ನು ಕೂಗಿದಳು. "ಮಜೀದಕಾಕಾ, ಎಲ್ಲಾರೂ ಒಳಗ ಬರ್ರಿ."

ಮಜೀದಸಾಬ ಈಗ ಅದೇ ಮಶೀನು ನಡೆಸುವವನು. ಅವನ ಹಿಂದೆ ಕಲ್ಲು ಹೊರುವ ಹೆಂಗಸರು ಬಂದು ನಿಂತರು.

"ಸಾವುಕಾರ್ರ, ನೀರು ಬಂದ್ ಮಾಡಿ ನನ್ನ ಗಂಡನ್ನ ಕೊಂದವ್ರು ನೀವು. ಸುಳ್ಳಂದ್ರ ಹೇಳ್ರಿ."

ಸಾವುಕಾರನ ಕೊರಳ ನರ ಉಬ್ಬಿತು. ಬಾಯಿ ತೆರೆಯಲಿಲ್ಲ.

"ಹೂದೋಟದ ನೀರು ನಾಳಿಂದ ಮಶೀನಿಗಿ ಬಿಡ್ತೀರಿ. ಒಲ್ಲೆ ಅಂದ್ರ ಈಗಽ ಅನ್ರಿ."

"ಒಪ್ಪಿದ್ರು ನೋಡ್ರವ್ವ!" ಅಂದ ಮಜೀದಸಾಬ. "ಮಾಲಕರು ಇಷ್ಟು ಸುಮ್ಮ ಇದ್ದದ್ದು ನಾ ಕಂಡಿಲ್ಲ. ಅರಿಶಿಣ ಹಾಲು ತರ್ಲೇನ್ರಿ?"

ಒಬ್ಬಳು ಸೆರಗು ಬಾಯಿಗೊತ್ತಿ ನಕ್ಕಳು. ಸಾವುಕಾರನಿಗೆ ಸೀನು ಉಕ್ಕಿ ಬಂತು, ನುಂಗಿಕೊಂಡ. ಕಣ್ಣೀರು ಹಣೆಯ ಕಡೆ ಹರಿಯಿತು.

"ಸಾಕು ಬಿಡವ್ವ, ಹೊತ್ತಾತು," ಅಂದಳು ಅತ್ತೆ, ಮೆಲ್ಲಗೆ.

ಔಷಧ ಹತ್ತುವಷ್ಟು ಹೊತ್ತು ಆಗಿಯೇ ಹೋಗಿತ್ತು.

"ಇನ್ನೂ ಇಲ್ಲತ್ತಿ. ಇವ್ರದು ಹಳೀ ಧೂಳ," ಅಂದಳು ಬಸವೇಶ್ವರಿ. ಅವನ ಕಿವಿಯ ಹತ್ತಿರ ಮಣೆ ಎಳೆದುಕೊಂಡು ಕೂತು, ಗಂಡನ ಮೊದಲ ಕೆಮ್ಮಿನಿಂದ ಹೇಳಲು ಶುರುಮಾಡಿದಳು.