ಸೈತಾನನ ಬಾಗಿಲ ಬಳಿಯ ಜಾಗ

ನಮ್ಮ ವಿಂಚ್‌ಕೋಟಿನ ಚರ್ಚು ಇಷ್ಟು ಉದ್ದ ಇರಬೇಕಾಗಿರಲಿಲ್ಲ. ಒಂಬೈನೂರು ವರ್ಷದ ಹಿಂದೆ ನಾರ್ಮನ್ನರು ಕಟ್ಟಿದ್ದು ದಪ್ಪ ಗೋಡೆಯ, ಕೊಟ್ಟಿಗೆಯಷ್ಟು ಪುಟ್ಟ ಚರ್ಚು. ಇಂಗ್ಲೆಂಡಿನಲ್ಲಿ ಉಣ್ಣೆಗೆ ಬೆಲೆ ಬಂದ ಕಾಲಕ್ಕೆ ನಮ್ಮ ಹಿರಿಯರಿಗೆ ತಲೆ ತಿರುಗಿತು. ಪಕ್ಕದೂರಿನವರು ಗೋಪುರ ಎತ್ತಿದರೆಂದು ಇವರೂ ಎತ್ತಿದರು. ಗೋಡೆ ವಾಲಿತು, ಸುತ್ತಲೂ ಕಲ್ಲಿನ ಒತ್ತುಗಂಬ ಕೊಟ್ಟರು. ಅಷ್ಟಕ್ಕೂ ಸುಮ್ಮನಾಗದೆ ಬಲಿಪೀಠದ ಕಡೆಗೆ ಇನ್ನಷ್ಟು ಎಳೆದರು. ಈಗ ಅವರು ಆರಾಮಾಗಿ ನೆಲದಡಿ ಮಲಗಿದ್ದಾರೆ, ಸುತ್ತು ಕೂಡಿಸುವ ಪಾಡು ನಮ್ಮದು.

ವರ್ಷಕ್ಕೊಮ್ಮೆ ನಮ್ಮ ಸಂತನ ದಿನ ಊರವರೆಲ್ಲ ಕೈಕೈ ಹಿಡಿದು ಚರ್ಚನ್ನು ಹೊರಗಿನಿಂದ ತಬ್ಬಿ ನಿಲ್ಲುತ್ತೇವೆ. ಸುತ್ತು ಪೂರ್ತಿ ಕೂಡಿದರೇ ಹಾಡು. ಹಾಡು ಮುಗಿಯುವವರೆಗೆ ಯಾರೂ ಕೈ ಬಿಡುವಂತಿಲ್ಲ.

ಈ ಸಲದ ಫಜೀತಿ ತಂದದ್ದು ನನ್ನ ನೆರೆಯವಳು ಎನಿಡ್. ಚರ್ಚಿನ ಬೀಗದಕೈ ಇರುವುದು ಅವಳ ಹತ್ತಿರ, ಗಂಡ ವಿಲ್ಫ್ ಮಲಗಿರುವುದು ಅದರ ಅಂಗಳದ ಮಣ್ಣಿನಲ್ಲಿ. ಜನವಿಲ್ಲದ ಚರ್ಚನ್ನು ಮುಚ್ಚುವುದೇ ವಾಸಿ ಎಂದು ಚರ್ಚುಗಳ ಉಸ್ತುವಾರಿಗೆ ಪಟ್ಟಣದಿಂದ ಬಂದ ಹಿರಿಯ ಪಾದ್ರಿ ಪೆಲಮ್ ಊರ ಸಭೆಯಲ್ಲಿ ಹೇಳಿದ್ದೇ ತಡ, ಎದ್ದು ನಿಂತಳು.

"ನಾವು ಇವತ್ತಿಗೂ ಚರ್ಚನ್ನ ತಬ್ಕೋತೀವಿ ಸ್ವಾಮಿ. ಬಂದು ನೋಡಿ. ಸುತ್ತು ಕೂಡ್ಲಿಲ್ವಾ, ಬೀಗ ಹಾಕ್ಕೊಂಡು ಹೋಗಿ."

"ಆಗಲಿ," ಎಂದರು ಪೆಲಮ್.

ಹೊರಗೆ ಬಂದು ಬೈದೆ. "ತಲೆ ನೆಟ್ಟಗಿದ್ಯೇನೇ? ಹೋದ ವರ್ಷಾನೇ ಕೊನೆಗೆ ಶಾಲು ಹಿಡಿದು ಸುತ್ತು ಮುಗಿಸಿದ್ವಿ."

"ಅದು ಆ ಮನುಷ್ಯಂಗೆ ಗೊತ್ತಾ? ಬಾಯ್ಮುಚ್ಕೊಂಡಿರು."

ಸಂತನ ದಿನ ಪಬ್ಬಿನವನು ಬಾಗಿಲೆಳೆದು ಬಂದ. ಬೇರೆ ಪಂಗಡದ ಮೆಥಡಿಸ್ಟರನ್ನೂ ಕಾಲು ಹಿಡಿದು ಕರೆತಂದೆವು. ಶಾಲು, ನಾಯಿಯ ಹಗ್ಗ ಎಲ್ಲ ಸೇರಿಸಿದರೂ ಉತ್ತರದ ಗೋಡೆಯ ಹತ್ತಿರ ಸುತ್ತು ಬಾಯಿ ಬಿಟ್ಟುಕೊಂಡೇ ಇತ್ತು. ಒಂದು ತುದಿಗೆ ನಾನು, ಇನ್ನೊಂದಕ್ಕೆ ಎನಿಡ್, ನಡುವೆ ಸೈತಾನನ ಬಾಗಿಲು. ಹಿಂದೆ ಕೂಸಿಗೆ ದೀಕ್ಷಾಸ್ನಾನ ಮಾಡಿಸುವಾಗ ಸೈತಾನ ಓಡಿಹೋಗಲೆಂದು ಅದನ್ನು ತೆರೆಯುತ್ತಿದ್ದರಂತೆ. ಆಮೇಲೆ ಕಲ್ಲಿಟ್ಟು ಮುಚ್ಚಿದರು. ಆಗ ಅವನು ಒಳಗಿದ್ದನೋ ಹೊರಗಿದ್ದನೋ ಯಾರೂ ನೋಡಲಿಲ್ಲ.

ಪೆಲಮ್ ಛತ್ರಿ ಊರಿಕೊಂಡು ಅಲ್ಲಿಯೇ ನಿಂತು ನೋಡುತ್ತಿದ್ದರು. ಎನಿಡ್‌ಳ ಗದ್ದ ನಡುಗುತ್ತಿತ್ತು. ಅವಳು ಅಳುವುದನ್ನು ನಾನು ವಿಲ್ಫ್‌ನ ಮಣ್ಣಿನ ದಿನವೂ ಕಂಡಿರಲಿಲ್ಲ.

"ಸ್ವಾಮಿ, ಆ ಛತ್ರಿ ಇತ್ತ ಚಾಚಿ," ಎಂದಳು.

ಅವರು ಚಾಚಿದರು. ಎನಿಡ್ ತುದಿ ಹಿಡಿದಳು.

"ಹಿಡಿಕೆ ಬಿಡ್ಬೇಡಿ, ಬಿದ್ದೋಗುತ್ತೆ."

ಅವರು ಬಿಡಲಿಲ್ಲ. ನಾನು ಅವರ ಇನ್ನೊಂದು ಕೈಯನ್ನು ಗಪ್ಪನೆ ಹಿಡಿದೆ.

"ಕೂಡ್ತು! ಹಾಡಿ!" ಎಂದು ಎನಿಡ್ ಕೂಗಿದಳು.

ಹಾಡು ಶುರುವಾಯಿತು. ಪೆಲಮ್ ಕೆಂಪಾಗಿ ಒಮ್ಮೆ ಕೈ ಜಗ್ಗಿದರು. ನಾನು ದನದ ಹಾಲು ಕರೆದ ಕೈಯವಳು. ಎರಡನೆಯ ಚರಣಕ್ಕೆ ಅವರೂ ಹಾಡುತ್ತಿದ್ದರು, ಶ್ರುತಿ ಬಿಟ್ಟು. ಮುಗಿದಾಗ ಎಲ್ಲರೂ ಟೀ ಕಡೆಗೆ ಓಡಿದರು. ಅವರು ಮಾತ್ರ ಕಲ್ಲಿಟ್ಟ ಬಾಗಿಲನ್ನೇ ನೋಡುತ್ತ ನಿಂತಿದ್ದರು.

"ಮುಂದಿನ ವರ್ಷವೂ ನನ್ನ ಜಾಗ ಇದೇನಾ?" ಎಂದು ಕೇಳಿದರು.

ಎನಿಡ್ ಮೂಗೊರೆಸಿಕೊಂಡಳು. "ಇದೇ. ಸೈತಾನ ವಾಪಸ್ ಬಂದ್ರೆ ಮಾತ್ರ ಸ್ವಲ್ಪ ಸರ್ಕೊಳ್ಳಿ."