ಕೃಷಿ ಹೊಂಡದ ಹಾಲುತುಪ್ಪ

ನಲ್ಲೂರಿನ ಕೊಂಡಪ್ಪ ಕ್ರೈಸ್ತನಾಗಲು ದೀಕ್ಷಾಸ್ನಾನ ತೆಗೆದುಕೊಂಡದ್ದು ಸ್ವಂತ ದ್ರಾಕ್ಷಿ ತೋಟದ ಕೃಷಿ ಹೊಂಡದಲ್ಲಿ. ನದಿಯಲ್ಲೇ ಆಗಬೇಕೆಂದರೆ ಈ ಸೀಮೆಗೆ ನದಿಯನ್ನು ಎಲ್ಲಿಂದ ತರೋಣ? ಅವನು ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಹೆಂಡತಿ ರುಕ್ಮಿಣಮ್ಮ ತನ್ನ ಮನೆದೇವರನ್ನು ಬಿಡದೆ, ಗಂಡನನ್ನೂ ತಡೆಯದೆ, ಸೆರಗು ಹೊದ್ದು ದಂಡೆಯ ಮೇಲೆ ನಿಂತಿದ್ದಳು.

ದೇವನಹಳ್ಳಿಯಿಂದ ಬಂದಿದ್ದ ಪಾಸ್ಟರ್ ದೇವೇಂದ್ರ, ಕ್ರಿಸ್ತನ ಮೊದಲ ಕಾಲದ ಶಿಷ್ಯರು ಬರೆದಿಟ್ಟದ್ದನ್ನು ಬಿಡಿಸಿ ಹೇಳಿದರು. ಇದು ಮೈಕೊಳೆ ತೊಳೆಯುವ ಸ್ನಾನವಲ್ಲ, ಮಣ್ಣು ಮಾಡುವ ಕೆಲಸ. ಹಳೆಯ ಮನುಷ್ಯ ಕ್ರಿಸ್ತನ ಜೊತೆ ಸತ್ತು ನೀರಿನಲ್ಲೇ ಹೂತುಹೋಗುತ್ತಾನೆ. ಕ್ರಿಸ್ತ ಮೂರನೆಯ ದಿನ ಎದ್ದ ಹಾಗೆ, ಮೇಲೆ ಬರುವವನು ಹೊಸಬ. ಕೊಂಡಪ್ಪ ಮುಳುಗಿದ, ಎದ್ದ, ಕೆಮ್ಮಿದ. ಜನ ಹಾಡಿದರು.

ರುಕ್ಮಿಣಮ್ಮನಿಗೆ ಮೈ ಉರಿಯಿತು. ಹನ್ನೊಂದು ವರ್ಷದ ಹಿಂದೆ ಕುಡಿದು ಬಂದು ಸೌದೆಯಿಂದ ಹೊಡೆದು ಅವಳ ಎಡಗೈ ಮುರಿದವನು ಇವನೇ. ಮೂಳೆ ಸೊಟ್ಟಗೆ ಕೂಡಿಕೊಂಡು, ಈಗಲೂ ತುಂಬಿದ ಬಿಂದಿಗೆ ಎತ್ತಲಾರಳು. ಆ ಮಾತನ್ನು ಅವನು ಒಂದು ದಿನವೂ ಎತ್ತಿರಲಿಲ್ಲ. ಮುರಿದವನು ಸತ್ತೇ ಹೋದನೆಂದರೆ ಇನ್ನು ಯಾರ ಕೊರಳಪಟ್ಟಿ ಹಿಡಿದು ಕೇಳುವುದು? ಈ ಹೊಸಬನ ಜೊತೆ ಬಾಳುವುದಾದರೂ ಹೇಗೆ? ಒಳ್ಳೆ ಉಪಾಯ ಕಂಡುಕೊಂಡ ಅಂದುಕೊಂಡಳು.

ಎರಡು ದಿನ ಅಡುಗೆ ಮಾಡಿದಳು, ಬಡಿಸಿದಳು, ತುಟಿ ಬಿಚ್ಚಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಬಟ್ಟಲಲ್ಲಿ ಹಾಲು ತುಪ್ಪ ಹಿಡಿದು ಹೊಂಡದ ಹತ್ತಿರ ಹೋದಳು. ಮಣ್ಣು ಮಾಡಿದ ಮೂರನೆಯ ದಿನ ಗುಡ್ಡೆಯ ಮೇಲೆ ಹಾಲುತುಪ್ಪ ಬಿಡುವುದು ಅವರ ಕಡೆಯ ಪದ್ಧತಿ. ಹೋದವನು ಹೋದನೆಂದು ಮನೆಯವರು ಒಪ್ಪಿಕೊಳ್ಳುವುದು ಅವತ್ತೇ.

ದ್ರಾಕ್ಷಿಗೆ ಔಷಧಿ ಹೊಡೆಯುತ್ತಿದ್ದ ಕೊಂಡಪ್ಪ ಕಂಡು ಓಡಿ ಬಂದ. ಬದುಕಿರುವವನಿಗೆ ಯಾರಾದರೂ ಹಾಲುತುಪ್ಪ ಬಿಡುತ್ತಾರೆಯೇ ಎಂದು ಗಾಬರಿಯಿಂದ ಕೇಳಿದ.

"ನಿಂಗಲ್ಲ, ನನ್ ಕೈ ಮುರಿದೋನಿಗೆ. ಸತ್ತೋದ್ನಂತಲ್ಲ."

ಅಷ್ಟು ಅಂದಳೇ ಹೊರತು ಬಟ್ಟಲು ಬಗ್ಗಿಸಲು ಅವಳಿಂದ ಆಗಲಿಲ್ಲ. ಹೋದನೆಂದು ಒಪ್ಪಿಕೊಳ್ಳಲು ಮನಸ್ಸೇ ಬರಲಿಲ್ಲ.

ಕೊಂಡಪ್ಪ ಬೆನ್ನಿನ ಪಂಪು ಇಳಿಸಿ ಅವಳೆದುರು ಮಣ್ಣಿನಲ್ಲೇ ಕೂತ. ಪಾಸ್ಟರು ಹೇಳಿದ ಯಾವ ಮಾತನ್ನೂ ಅಡ್ಡ ತರಲಿಲ್ಲ.

"ಮುರಿದೋನು ನಾನೇ ಕಣೆ. ನೀರಿಗಿಳಿಯೋಕೆ ಮುಂಚೆ ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ. ತಪ್ಪಾಯ್ತು."

ರುಕ್ಮಿಣಮ್ಮ ಹೆಣ ಎತ್ತಿದ ಮನೆಯವಳಂತೆ ಬಿಕ್ಕಿ ಬಿಕ್ಕಿ ಅತ್ತಳು. ಅಳು ನಿಂತ ಮೇಲೆ ಕಣ್ಣೊರೆಸಿಕೊಂಡು ಬಟ್ಟಲನ್ನು ಅವನ ಕೈಗಿಟ್ಟಳು.

"ಈಗ ಸತ್ತ," ಅಂದಳು. "ಹಾಲು ನೀನೇ ಬಿಡು."